ಗುಡುಗುಡಿ, ಗಿಟಾರು ಮತ್ತು ನಮ್ಮ ಕಿವಿ

ಮೈಸೂರಿನ ಹುಡುಗರ ನಡುವೆ ವರ್ಷಗಳಿಂದ ನಡೆದುಬಂದಿರುವ ಒಂದು ಜಗಳವಿದೆ. ‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡವನ್ನು ಎಲ್ಲಿ ಕೇಳಬೇಕು ಎಂಬುದು ಅದರ ವಿಷಯ. ಬೆಂಗಳೂರಿನ ಕ್ಲಬ್ಬಿನಲ್ಲಿ ಕೇಳಿದವನು, ‘ನಾನು ಕೇಳಿದ್ದೇ ನಿಜವಾದದ್ದು, ನೀವು ಮೈದಾನದಲ್ಲಿ ಕೇಳಿದ್ದು ಜಾತ್ರೆ’ ಎನ್ನುತ್ತಾನೆ. ಮೈದಾನದಲ್ಲಿ ಕೇಳಿದವನು, ‘ನೂರು ಜನರ ಮುಂದೆ ಹಾಡುವುದು ಹಾಡಲ್ಲ, ಸಾವಿರಾರು ಜನ ಒಟ್ಟಿಗೆ ದನಿಗೂಡಿಸಿದಾಗಲೇ ಹಾಡು’ ಎನ್ನುತ್ತಾನೆ. ಮನೆಯಲ್ಲಿ ಕೂತು ಆಲ್ಬಂ ಕೇಳಿದವನಿಗೆ ಇಬ್ಬರೂ ಗದ್ದಲಪ್ರಿಯರು. ಇವರ ಮಾತಿನ ನಡುವೆ ಹಿರಿಯರೊಬ್ಬರು, ‘ಸಿ. ಅಶ್ವತ್ಥರನ್ನು ಕೇಳಿದವರಿಗೆ ಇದೆಲ್ಲ ಯಾಕೆ?’ ಎಂದು ನಿಟ್ಟುಸಿರು ಬಿಡುತ್ತಾರೆ. ಇನ್ನೂ ಒಂದು ದನಿಯಿದೆ. ಅದು ನಮ್ಮ ಮೊಹಲ್ಲಾಗಳದ್ದು: ‘ಶರೀಫ ಸಾಹೇಬರ ಪದವನ್ನು ಹೆಂಡ ಮಾರುವ ಜಾಗದಲ್ಲಿ ಹಾಡುವುದೆ?’

ಈ ಐದೂ ದನಿಗಳನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ಈ ಬರಹ. ಅಭಿಮಾನಿಗಳ ಹರಟೆ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಶಿಶುನಾಳ ಶರೀಫರು ಯಾರಿಗೆ ಸೇರಿದವರು, ಅವರನ್ನು ಇಂದು ಯಾರು ಕೇಳುತ್ತಿದ್ದಾರೆ, ಯಾರು ಕೇಳಲಾಗುತ್ತಿಲ್ಲ ಎಂಬ ಪ್ರಶ್ನೆಗಳು ಈ ಹರಟೆಯ ಒಳಗೇ ಅಡಗಿವೆ.

ಮೊದಲು ತಂಡದ ಬಗ್ಗೆ ಎರಡು ಮಾತು. ರಘು ದೀಕ್ಷಿತ್ ಬೆಳೆದದ್ದು ಮೈಸೂರಿನಲ್ಲಿ. ಸಂಪ್ರದಾಯಸ್ಥ ಬ್ರಾಹ್ಮಣ ಮನೆತನ, ಭರತನಾಟ್ಯದ ಕಲಿಕೆ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಶಾಸ್ತ್ರದ ಎಂ.ಎಸ್ಸಿ. ಸಹಪಾಠಿಯೊಬ್ಬ ನೃತ್ಯ ಕಲಿಯುವುದನ್ನು ಗೇಲಿ ಮಾಡಿದ್ದಕ್ಕೆ ಪಂಥ ಕಟ್ಟಿ ಗಿಟಾರು ಕಲಿತದ್ದಾಗಿ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ‘ಅಂತರಾಗ್ನಿ’ ಎಂಬ ಮೊದಲ ತಂಡ ಒಡೆದ ಮೇಲೆ ಈಗಿನ ತಂಡ ಹುಟ್ಟಿತು. 2008ರಲ್ಲಿ ಬಂದ ಮೊದಲ ಆಲ್ಬಂನಲ್ಲಿ ಹಿಂದಿ ಹಾಡುಗಳ ಪಕ್ಕದಲ್ಲೇ ಶರೀಫರ ಗುಡುಗುಡಿಯ ಪದವೂ ಸೋರುವ ಮಾಳಿಗೆಯ ಪದವೂ ಇದ್ದವು. 2013ರ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’ ಸೇರಿತು. 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ತಂಡ ಬ್ರಿಟನ್ನಿನಲ್ಲಿ ಹೆಸರಾಯಿತು. 2011ರಲ್ಲಿ ಅಲ್ಲಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆಯ ಪ್ರಶಸ್ತಿಯೂ ಬಂತು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಕೊರಳಲ್ಲಿ ಗಿಟಾರು ಎಂಬ ಆ ವೇಷ ಈಗ ಎಲ್ಲರಿಗೂ ಪರಿಚಿತ. ತಮ್ಮ ವಾಸು ದೀಕ್ಷಿತ್ ಅವರ ‘ಸ್ವರಾತ್ಮ’ ಇದೇ ಮಣ್ಣಿನ ಇನ್ನೊಂದು ಬಗೆ. 2009ರಲ್ಲಿ ಮೊದಲ ಆಲ್ಬಂ, 2012ರಲ್ಲಿ ರಾಜಕಾರಣವನ್ನು ಅಣಕಿಸುವ ‘ಟೋಪಿವಾಲೆ’. ಕೀಲುಕುದುರೆಯ ವೇಷ ತೊಟ್ಟು ವಾಸು ವೇದಿಕೆಗೆ ಬರುವುದನ್ನು ಕಂಡವರು ಮರೆಯುವುದಿಲ್ಲ.

ಇನ್ನು ಜಗಳಕ್ಕೆ ಬರೋಣ. ಕ್ಲಬ್ಬಿನ ಪರವಾಗಿ ವಾದಿಸುವವರ ಮಾತಿನಲ್ಲಿ ಹುರುಳಿದೆ. ಚಿಕ್ಕ ಕೋಣೆಯಲ್ಲಿ ಬೇಸ್ ಗಿಟಾರಿನ ದನಿ ಕಿವಿಗೆ ಮಾತ್ರವಲ್ಲ, ಎದೆಗೂಡಿಗೂ ಬಡಿಯುತ್ತದೆ. ಪಿಟೀಲಿನವನ ಕಮಾನು ತಂತಿಯನ್ನು ಮುಟ್ಟುವುದು ಕಾಣುತ್ತದೆ. ಹಾಡುಗಾರ ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಮೈದಾನದಲ್ಲಿ ಇದು ಅಸಾಧ್ಯ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ವೇದಿಕೆಯಿಂದ ನೂರು ಮೀಟರ್ ದೂರ ನಿಂತವನಿಗೆ ಡ್ರಮ್ಮಿನ ಕೋಲು ಬಿದ್ದದ್ದು ಕಂಡ ಮೇಲೆ, ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಡವಾಗಿ ಅದರ ಏಟು ಕೇಳುತ್ತದೆ. ಕಣ್ಣು ಒಂದು ತಾಳದಲ್ಲಿದ್ದರೆ ಕಿವಿ ಇನ್ನೊಂದರಲ್ಲಿ. ಹಲವು ವರ್ಷ ಮಹಾರಾಜ ಕಾಲೇಜು ಮೈದಾನದಲ್ಲಿ ನಡೆದು, 2024ರಲ್ಲಿ ಊರ ಹೊರಗಿನ ಉತ್ತನಹಳ್ಳಿಗೆ ಹೋದ ಯುವ ದಸರಾದಲ್ಲಿ ಹಿಂದಿನ ಸಾಲುಗಳಲ್ಲಿ ನಿಂತವರು ಸಂಗೀತಗಾರರನ್ನು ನೋಡುವುದು ದೊಡ್ಡ ಪರದೆಯ ಮೇಲೆಯೇ. ಹೀಗಿರುವಾಗ ಮೈದಾನದಲ್ಲಿ ಕೇಳಿದ್ದು ಸಂಗೀತಕ್ಕಿಂತ ಹೆಚ್ಚಾಗಿ ಜನಸಂದಣಿ ಎಂಬ ಕ್ಲಬ್ಬಿನವನ ಟೀಕೆಯನ್ನು ಪೂರ್ತಿ ಅಲ್ಲಗಳೆಯಲಾಗದು.

ಆದರೆ ಜನಸಂದಣಿ ಸಂಗೀತದ ಭಾಗವಲ್ಲವೆ? ಇಲ್ಲಿ ನಮ್ಮ ಹಳೆಯ ಗ್ರಂಥಗಳ ಒಂದು ವಿಚಾರ ಸಹಾಯಕ್ಕೆ ಬರುತ್ತದೆ. ಸೂಫಿಗಳು ‘ಸಮಾ’ ಎನ್ನುವ ಸಂಗೀತ ಶ್ರವಣದ ಬಗ್ಗೆ ಇಮಾಮ್ ಗಝಾಲಿಯವರು ‘ಇಹ್ಯಾ ಉಲೂಮುದ್ದೀನ್’ನಲ್ಲಿ ಒಂದು ಅಧ್ಯಾಯವನ್ನೇ ಬರೆದಿದ್ದಾರೆ. ಅದರಲ್ಲಿ ಜುನೈದ್ ಬಗ್ದಾದಿಯವರ ಅಭಿಪ್ರಾಯವೊಂದು ಬರುತ್ತದೆ. ಶ್ರವಣಕ್ಕೆ ಮೂರು ಸಂಗತಿಗಳು ಕೂಡಿಬರಬೇಕು: ಝಮಾನ್, ಮಕಾನ್, ಇಖ್ವಾನ್. ಅಂದರೆ ತಕ್ಕ ಹೊತ್ತು, ತಕ್ಕ ಜಾಗ, ತಕ್ಕ ಸಂಗಾತಿಗಳು. ಹಾಡುಗಾರನ ಕಂಠ ಈ ಪಟ್ಟಿಯಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು. ಸಂಗೀತ ಸಂಗೀತವಾಗುವುದರಲ್ಲಿ ಕೇಳುವವರ ಪಾಲು ಎಷ್ಟೆಂಬುದನ್ನು ಒಂಬೈನೂರು ವರ್ಷಗಳ ಹಿಂದಿನ ಆ ಗ್ರಂಥ ಗುರುತಿಸಿದೆ. ಈ ಮೂರು ಅಳತೆಗೋಲುಗಳಿಂದ ನೋಡಿದರೆ ಅಭಿಮಾನಿಗಳ ಜಗಳ ಬೇರೆಯಾಗಿ ಕಾಣುತ್ತದೆ. ಅವರು ತಂಡದ ಎರಡು ಪ್ರದರ್ಶನಗಳನ್ನು ಹೋಲಿಸುತ್ತಿದ್ದೇವೆಂದು ಭಾವಿಸಿದ್ದಾರೆ. ವಾಸ್ತವದಲ್ಲಿ ಹೋಲಿಸುತ್ತಿರುವುದು ಎರಡು ಜಾಗಗಳನ್ನು ಮತ್ತು ತಮ್ಮ ಅಕ್ಕಪಕ್ಕ ನಿಂತಿದ್ದವರನ್ನು.

ಮೈಸೂರಿಗೆ ಈ ಜಗಳ ಹೊಸದೂ ಅಲ್ಲ. ಭಾರತದಲ್ಲಿ ಗ್ರಾಮಾಫೋನ್ ಧ್ವನಿಮುದ್ರಣ ಶುರುವಾದ 1902ರಲ್ಲೇ ಕಲ್ಕತ್ತೆಯಲ್ಲಿ ಹಾಡಿ ದೇಶಕ್ಕೆಲ್ಲ ಹೆಸರಾದ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಇದೇ ಊರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿ 17ರಂದು ಇಲ್ಲಿಯೇ ತೀರಿಕೊಂಡರು. ಗಂಟೆಗಟ್ಟಲೆ ಮೆಹಫಿಲ್ ನಡೆಸುತ್ತಿದ್ದ ಆಕೆ ತಟ್ಟೆಯ ಮೇಲೆ ಮೂರು ನಿಮಿಷಕ್ಕೆ ರಾಗವನ್ನು ಕುಗ್ಗಿಸಿ ಹಾಡಬೇಕಿತ್ತು. ಎದುರು ಕೂತು ಕೇಳಿದವರು ಬೆರಳೆಣಿಕೆಯ ಶ್ರೀಮಂತರು. ತಟ್ಟೆಯಲ್ಲಿ ಕೇಳಿದವರು ಅಸಂಖ್ಯ. ಇವರಲ್ಲಿ ಗೌಹರ್ ಜಾನ್ ಯಾರಿಗೆ ದಕ್ಕಿದರು? ಇಂದು ಕ್ಲಬ್ಬಿನವನಿಗೂ ಆಲ್ಬಂ ಕೇಳುವವನಿಗೂ ನಡೆಯುವ ವಾದದ ಬೇರು ಅಲ್ಲಿದೆ. ಇನ್ನು ಪಾಶ್ಚಾತ್ಯ ವಾದ್ಯಗಳ ಮಾತು. ಅರಮನೆಯ ಬ್ಯಾಂಡು ಕೇಳಿದ ಊರು ಇದು. ಜಯಚಾಮರಾಜ ಒಡೆಯರು ಲಂಡನ್ನಿನ ಫಿಲಾರ್ಮೋನಿಯಾ ವಾದ್ಯವೃಂದಕ್ಕೆ ನೆರವಿತ್ತವರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಮೊದಲ ಬಾರಿ ಲಂಡನ್ನಿನಲ್ಲಿ ಕೇಳಿಸಿದ್ದು ಅವರ ಆಶ್ರಯದಲ್ಲಿ. ಆದ್ದರಿಂದ ಗಿಟಾರು ನಮ್ಮದಲ್ಲ ಎಂಬ ವಾದವನ್ನು ಮೈಸೂರಿನಲ್ಲಿ ನಿಂತು ಹೂಡುವುದು ಕಷ್ಟ.

ಹಿರಿಯರ ಆಕ್ಷೇಪವನ್ನು ಈಗ ನೋಡೋಣ. ಡ್ರಮ್ಮು ಮತ್ತು ಗಿಟಾರಿನ ಅಬ್ಬರದಲ್ಲಿ ಶರೀಫರ ‘ಮೂಲ’ ಹಾಳಾಯಿತು ಎಂಬುದು ಅವರ ದೂರು. ಯಾವ ಮೂಲ? ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಧ್ವನಿಮುದ್ರಣ ಈ ದೇಶಕ್ಕೆ ಬರುವ ಹೊತ್ತಿಗೆ ಅವರು ತೀರಿಕೊಂಡು ಹದಿಮೂರು ವರ್ಷಗಳಾಗಿದ್ದವು. ಅವರ ದನಿಯನ್ನು ಕೇಳಿದವರು ಯಾರೂ ಈಗ ಇಲ್ಲ. ಹಳೇ ಮೈಸೂರಿನವರು ಮೂಲವೆಂದು ನಂಬಿರುವುದು ಸಿ. ಅಶ್ವತ್ಥರು ಕಟ್ಟಿದ ಧಾಟಿಯನ್ನು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದ ಮೇಲೆ ಆ ಧಾಟಿ ಮನೆಮನೆಗೆ ತಲುಪಿತು. ಅಶ್ವತ್ಥರೂ ತಮ್ಮ ಕಾಲಕ್ಕೆ ಆಧುನಿಕರೇ. ತಬಲಾ, ಕೀಬೋರ್ಡು, ವಾದ್ಯವೃಂದಗಳನ್ನು ಇಟ್ಟುಕೊಂಡು ಏಕತಾರಿಯ ಪದವನ್ನು ಸುಗಮ ಸಂಗೀತಕ್ಕೆ ತಂದವರು ಅವರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆಸಿ, ಭಾವಗೀತೆಗೂ ರಾಕ್ ತಂಡಗಳಿಗೆ ಸೇರುವಷ್ಟು ಜನ ಸೇರುತ್ತಾರೆಂದು ತೋರಿಸಿಕೊಟ್ಟವರೂ ಅವರೇ. ಹಾಗಾಗಿ ರಘು ದೀಕ್ಷಿತ್ ಮುರಿದದ್ದು ಶರೀಫರನ್ನಲ್ಲ, ಅಶ್ವತ್ಥರನ್ನು. ಹೆಚ್ಚೆಂದರೆ ಅಶ್ವತ್ಥರು ಮಾಡಿದ ಕೆಲಸವನ್ನು ಮತ್ತೊಂದು ವಾದ್ಯದಲ್ಲಿ ಮುಂದುವರಿಸಿದರು ಎನ್ನಬಹುದು.

ಅಬ್ಬರ ಶರೀಫರಿಗೆ ಹೊರಗಿನದು ಎಂಬ ಮಾತೂ ನಿಲ್ಲುವುದಿಲ್ಲ. ಶರೀಫರು ತತ್ವಪದಗಳನ್ನು ಮಾತ್ರ ಬರೆದವರಲ್ಲ. ಮೊಹರಮ್ಮಿಗಾಗಿ ರಿವಾಯತ್ ಪದಗಳನ್ನೂ ಕಟ್ಟಿಕೊಟ್ಟವರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಲಾವಿಯ ಸುತ್ತ ಹಲಗೆಯ ಬಡಿತಕ್ಕೆ ಹೆಜ್ಜೆ ಹಾಕುವವರನ್ನು ನೋಡಿದವರಿಗೆ ರಾಕ್ ಸಂಗೀತದ ಕುಣಿತ ಅಷ್ಟೇನೂ ವಿಚಿತ್ರವಾಗಿ ಕಾಣದು. ಮೈ ಕುಣಿಯದೆ ಮನಸ್ಸು ಕರಗುವುದಿಲ್ಲ ಎಂಬ ತಿಳಿವಳಿಕೆ ಆ ಹೆಜ್ಜೆಮೇಳಗಳಲ್ಲಿ ಇತ್ತು. ರಘು ದೀಕ್ಷಿತ್ ಕಾಲಿಗೆ ಕಟ್ಟಿದ ಗೆಜ್ಜೆ, ತಿಳಿದೋ ತಿಳಿಯದೆಯೋ, ಅದಕ್ಕೆ ಹತ್ತಿರವಾಗಿದೆ. ಈ ತಂಡದ ದೊಡ್ಡ ಸಾಧನೆಯೆಂದು ನಾವು ಭಾವಿಸುವುದು ಇದನ್ನೇ: ಸುಗಮ ಸಂಗೀತ ಕೂರಿಸಿಬಿಟ್ಟಿದ್ದ ಶರೀಫರನ್ನು ಅದು ಮತ್ತೆ ಎದ್ದು ನಿಲ್ಲಿಸಿತು.

ಹಾಗಾದರೆ ಕಳೆದುಕೊಂಡದ್ದು ಏನೂ ಇಲ್ಲವೆ? ಇದೆ. ಗುಡುಗುಡಿಯ ಪದವನ್ನೇ ತೆಗೆದುಕೊಳ್ಳಿ. ಮೇಲುನೋಟಕ್ಕೆ ಅದು ಹುಕ್ಕಾ ಸೇದಲು ಕರೆಯುವ ಪದ. ಒಳಗೆ ಹೋದರೆ, ಮೋಹವನ್ನು ಕೊಚ್ಚಿ ತುಂಬಿ, ಸುಟ್ಟು, ಹೊಗೆಯಾಗಿಸಿ, ಒಡಲ ರೋಗವನ್ನು ಕಳೆದುಕೊಳ್ಳುವ ಸಾಧನೆಯ ರೂಪಕ. ಪಲ್ಲವಿ ಆಮಿಷವೊಡ್ಡುತ್ತದೆ, ಚರಣಗಳು ಆ ಆಮಿಷವನ್ನು ತಲೆಕೆಳಗು ಮಾಡುತ್ತವೆ, ಕೊನೆಯಲ್ಲಿ ಶಿಶುನಾಳಧೀಶನ ಅಂಕಿತ ಬಂದಾಗ ಪದದ ಗಂಟು ಬಿಚ್ಚುತ್ತದೆ. ತತ್ವಪದದ ರಚನೆಯೇ ಹೀಗೆ. ಪಲ್ಲವಿಗೆ ಮಾತ್ರ ಕಿವಿಗೊಟ್ಟವನು ಮೋಸ ಹೋಗುತ್ತಾನೆ. ಮೋಸ ಹೋಗಲೆಂದೇ ಅದನ್ನು ಹಾಗೆ ಕಟ್ಟಿರುವುದು. ರಾಕ್ ಪ್ರದರ್ಶನದ ವ್ಯಾಕರಣವಾದರೋ ಪಲ್ಲವಿಯ ವ್ಯಾಕರಣ. ಹಾಡುಗಾರ ಮೈಕನ್ನು ಜನರ ಕಡೆಗೆ ತಿರುಗಿಸುತ್ತಾನೆ, ಜನ ಪಲ್ಲವಿಯನ್ನು ಕೂಗುತ್ತಾರೆ, ಅದು ಬೆಳೆಯುತ್ತದೆ, ಮತ್ತೆ ಮತ್ತೆ ಬರುತ್ತದೆ. ಚರಣಗಳು ಎರಡು ಪಲ್ಲವಿಗಳ ನಡುವಿನ ಉಸಿರಾಟದ ಬಿಡುವಾಗುತ್ತವೆ. ಕ್ಲಬ್ಬಿನಲ್ಲಿ ಕನ್ನಡ ಬಾರದವರೂ ಬಹಳ. ಲೋಟ ಹಿಡಿದು ಗುಡುಗುಡಿಯ ಪಲ್ಲವಿಯನ್ನು ಹಾಡುವವನು ಅದನ್ನು ಹೊಗೆಯ ಹಾಡೆಂದೇ ತಿಳಿದು ಮನೆಗೆ ಹೋದರೆ ತಪ್ಪು ಅವನೊಬ್ಬನದಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಹುಕ್ಕಾ ಮಾರಾಟ ಮತ್ತು ಸೇವನೆಯನ್ನು ನಿಷೇಧಿಸಿತು. ಹುಕ್ಕಾವನ್ನೇ ಕಾಣದ ಪೀಳಿಗೆ ಮುಂದೆ ಈ ಪದವನ್ನು ಹಾಡುವಾಗ, ಹೊಗೆಯೂ ಇಲ್ಲದೆ ರೂಪಕವೂ ಇಲ್ಲದೆ ಬರೀ ಧಾಟಿ ಉಳಿದೀತೆಂಬ ಅಂಜಿಕೆ ನಮ್ಮದು.

ಮುಶಾಯಿರಾಗಳಲ್ಲಿ ಕೂತು ಅಭ್ಯಾಸವಿರುವವರಿಗೆ ಇಲ್ಲಿನ ವ್ಯತ್ಯಾಸ ಬೇಗ ತಿಳಿಯುತ್ತದೆ. ಅಲ್ಲಿಯೂ ಪುನರಾವರ್ತನೆಯಿದೆ. ಆದರೆ ‘ಮುಕರ್ರರ್’ ಎಂದು ಕೂಗುವವನು ಕೇಳುಗ. ಶೇರಿನ ಎರಡನೆಯ ಮಿಸ್ರಾದಲ್ಲಿ ಅರ್ಥ ಬಿಚ್ಚಿಕೊಂಡಾಗ, ಅದು ಇನ್ನೊಮ್ಮೆ ಬೇಕೆಂದು ಅವನು ಬೇಡುತ್ತಾನೆ. ಕವಿ ಕೊಡುತ್ತಾನೆ. ರಾಕ್ ವೇದಿಕೆಯಲ್ಲಿ ಕೇಳುವವನಿಂದ ಪುನರಾವರ್ತನೆಯನ್ನು ಬೇಡುವವನು ಹಾಡುಗಾರ. ಮೊದಲನೆಯದು ಅರ್ಥಕ್ಕಾಗಿ, ಎರಡನೆಯದು ಹುರುಪಿಗಾಗಿ. ಹುರುಪು ಕೀಳಲ್ಲ. ಭಜನಾ ಮೇಳದಲ್ಲೂ ಒಬ್ಬ ಹಾಡಿ ಹತ್ತು ಜನ ಹಿಂಬಾಲಿಸುತ್ತಾರೆ. ಆದರೆ ಆ ಹತ್ತು ಜನ ಚರಣ ಬಂದಾಗ ಸುಮ್ಮನಾಗುತ್ತಾರೆ. ದಮ್ಮಡಿಯ ಬಡಿತವೂ ತಗ್ಗುತ್ತದೆ. ಆ ಮೌನ ಪದದ ಅಂಗ. ಈ ತಂಡದಿಂದ ನಾವು ಬಯಸುವುದು ಅಬ್ಬರ ಬಿಡಲೆಂದಲ್ಲ. ಚರಣದ ಹೊತ್ತಿಗೆ ಆ ಮೌನವನ್ನು ಕೇಳುಗರಿಂದ ಕೇಳಿ ಪಡೆಯಲೆಂದು. ಸಾವಿರ ಜನರಿಂದ ಕೂಗು ಪಡೆಯಬಲ್ಲವರಿಗೆ ಅವರಿಂದ ಮೌನ ಪಡೆಯುವುದೂ ಸಾಧ್ಯವಿದೆ. ಗಡಿಯಾಚೆಯ ‘ಜುನೂನ್’ ತಂಡ 1997ರಲ್ಲಿ ಇಕ್ಬಾಲರ ಕವಿತೆಯನ್ನು ಗಿಟಾರಿಗೆ ಅಳವಡಿಸಿದಾಗಲೂ ಉರ್ದು ಓದುಗರಲ್ಲಿ ಇದೇ ಕಳವಳ ಸಹಜವಾಗಿತ್ತು: ಖುದಿಯ ತತ್ವ ಒಂದು ಘೋಷಣೆಯಾಗಿಬಿಟ್ಟಿತೇ ಎಂದು.

ಈಗ ಮೊಹಲ್ಲಾದ ದನಿ. ಬಾರಿನಲ್ಲಿ ಶರೀಫರೆ ಎಂಬ ಪ್ರಶ್ನೆಯನ್ನು ಸಂಗೀತಪ್ರಿಯರು ಮೌಢ್ಯವೆಂದು ನಕ್ಕು ಬಿಡುತ್ತಾರೆ. ನಾವು ನಗಲಾರೆವು. ಸಂಗೀತ ಹರಾಮೋ ಹಲಾಲೋ ಎಂಬ ಹಳೆಯ ವಾದಕ್ಕೆ ಇಲ್ಲಿ ಹೋಗುವುದಿಲ್ಲ. ಆ ವಾದದಲ್ಲಿ ಎರಡೂ ಕಡೆ ದೊಡ್ಡ ವಿದ್ವಾಂಸರಿದ್ದಾರೆ. ಆದರೆ ‘ಮಕಾನ್’ ಎಂಬ ಷರತ್ತು ನೀತಿಯ ಮಾತಷ್ಟೇ ಅಲ್ಲ, ಬಾಗಿಲಿನ ಮಾತೂ ಹೌದು. ಹೆಂಡ ಮಾರುವ ಜಾಗದ ಬಾಗಿಲನ್ನು ಯಾರು ದಾಟಬಲ್ಲರು? ಉದಯಗಿರಿಯ ಪಿ.ಯು.ಸಿ. ಹುಡುಗಿ ದಾಟಲಾರಳು. ಮಂಡಿ ಮೊಹಲ್ಲಾದ ನಮಾಜಿ ಯುವಕನಿಗೆ ದಾಟಲು ಮನಸ್ಸು ಬಾರದು. ಪಕ್ಕದ ಕೇರಿಯ ಬಡ ಹಿಂದೂ ಹುಡುಗನಿಗೆ ಪ್ರವೇಶ ಶುಲ್ಕ ಕೊಡುವ ಶಕ್ತಿಯಿಲ್ಲ. ಹೀಗೆ ಒಬ್ಬ ಸಾಬರ ಮಗ ಬರೆದ ಪದ ಅತ್ಯಂತ ಚೆನ್ನಾಗಿ ಕೇಳಿಸುವ ಕೋಣೆಯಲ್ಲಿ ಸಾಬರ ಮಕ್ಕಳು ವಿರಳ. ಭಾವೈಕ್ಯದ ಭಾಷಣಗಳಲ್ಲೆಲ್ಲ ಶರೀಫರ ಮತ್ತು ಗೋವಿಂದ ಭಟ್ಟರ ಹೆಸರು ಬರುತ್ತದೆ. ಆದರೆ ಭಾವೈಕ್ಯಕ್ಕೆ ಎರಡು ಕಡೆಯವರೂ ಒಂದೇ ಕೋಣೆಯಲ್ಲಿ ಇರಬೇಕಲ್ಲವೆ? ‘ಇಖ್ವಾನ್’ ಇಲ್ಲದೆ ಹಾಡಿದ ಭಾವೈಕ್ಯದ ಪದ ಅರ್ಧ ಪದವೇ.

ಇದರ ಜೊತೆಗೆ ಇನ್ನೊಂದು ಸಂಗತಿ ಹೇಳದೆ ಹೋದರೆ ಕ್ಲಬ್ಬುಗಳಿಗೆ ಅನ್ಯಾಯವಾದೀತು. ತಂಡಗಳು ಬಾರುಗಳಿಗೆ ಹೋದದ್ದು ಹೆಂಡದ ಪ್ರೀತಿಯಿಂದಲ್ಲ. ಬೇರೆ ಕಡೆ ಜಾಗ ಸಿಗದಿದ್ದುದರಿಂದ. ಸಿನಿಮಾದ ಹೊರಗೆ ಸ್ವಂತ ಹಾಡು ಕಟ್ಟುವವರಿಗೆ ವಾರವಾರವೂ ವೇದಿಕೆ ಕೊಟ್ಟು ಕೂಲಿ ಕೊಟ್ಟವರು ಕ್ಲಬ್ಬಿನವರೇ. ಅದೂ ಸುಲಭದ್ದಾಗಿರಲಿಲ್ಲ. ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ಕಡ್ಡಾಯ ಮಾಡಿದ 2005ರ ಬೆಂಗಳೂರು ಪೊಲೀಸ್ ಆದೇಶವನ್ನು ಸುಪ್ರೀಂ ಕೋರ್ಟು 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಆ ವರ್ಷ ಪರವಾನಗಿ ಇಲ್ಲದ ಅನೇಕ ಕಡೆ ವಾದ್ಯಗಳು ಸುಮ್ಮನಾದವು. ಸ್ವಂತ ಹಾಡು ಹಾಡುವ ತಂಡಗಳಿಗೆ ತವರಿನಂತಿದ್ದ ಇಂದಿರಾನಗರದ ‘ಹಮ್ಮಿಂಗ್ ಟ್ರೀ’ 2013ರಲ್ಲಿ ತೆರೆದು 2019ರಲ್ಲಿ ಮುಚ್ಚಿಯೇ ಹೋಯಿತು. ಮೈಸೂರಿನಲ್ಲಂತೂ ಇಂಥ ಸಂಪ್ರದಾಯ ಬೆಂಗಳೂರಿನಷ್ಟು ಬೆಳೆಯಲೇ ಇಲ್ಲ. ನಮ್ಮ ಹುಡುಗರು ಸುಮಾರು 140 ಕಿಲೋಮೀಟರು ಪ್ರಯಾಣ ಮಾಡಿ, ಹಾಡು ಮುಗಿದ ಮೇಲೆ ನಡುರಾತ್ರಿಯ ಬಸ್ಸು ಹಿಡಿದು ತಮ್ಮ ಊರಿನವರದೇ ಸಂಗೀತವನ್ನು ಕೇಳಿ ಬರಬೇಕು. ಊರಿನವರು ವರ್ಷಕ್ಕೊಮ್ಮೆ ದಸರೆಯಲ್ಲಿ ದೂರದಿಂದ ನೋಡಬೇಕು. ಈ ಎರಡರ ನಡುವೆ ಏನೂ ಇಲ್ಲ. ಕ್ಲಬ್ಬೋ ಮೈದಾನವೋ ಎಂಬ ಜಗಳ ಹುಟ್ಟಿದ್ದೇ ಈ ಖಾಲಿ ಜಾಗದಿಂದ.

ಮೈಸೂರಿಗೆ ಮೂರನೆಯ ಬಗೆಯ ಕೇಳುವಿಕೆ ಗೊತ್ತಿಲ್ಲದ್ದೇನಲ್ಲ. ಒಂಟಿಕೊಪ್ಪಲಿನ ಎಂಟನೇ ಕ್ರಾಸಿನಲ್ಲಿ ಗಣೇಶೋತ್ಸವದ ಕಚೇರಿಗಳನ್ನು ಬೀದಿಯಲ್ಲೇ ಕೂತು ಪೀಳಿಗೆಗಳಿಂದ ಕೇಳಿದವರ ಊರು ಇದು. ಅಲ್ಲಿ ಟಿಕೇಟಿಲ್ಲ, ಲೋಟವಿಲ್ಲ, ಆದರೂ ಹತ್ತಿರದಿಂದ ಕೇಳುವ ಸುಖವಿದೆ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣದ ಅಂಗಳದಲ್ಲಿ ‘ಭೂಮಿಗೀತ’ದಂಥ ಚಿಕ್ಕ ರಂಗಮಂದಿರವಿದೆ, ಬಯಲಿನ ‘ವನರಂಗ’ವಿದೆ. ಬಹುರೂಪಿ ನಾಟಕೋತ್ಸವಕ್ಕೆ ಬುರ್ಖಾ ತೊಟ್ಟ ಹುಡುಗಿಯರೂ ಕಾಲೇಜು ಗೆಳತಿಯರ ಜೊತೆ ಬರಲು ಹಿಂಜರಿಯಬೇಕಿಲ್ಲ. ಕ್ಲಬ್ಬಿನ ಸಾಮೀಪ್ಯವೂ ಮೈದಾನದ ತೆರೆದ ಬಾಗಿಲೂ ಒಟ್ಟಿಗೆ ಇರುವ ಜಾಗಗಳು ಇವು. ಇಂಥ ಕಡೆ ಸಂಜೆ ಐದಕ್ಕೆ ಶುರುವಾಗಿ, ಮಗ್ರಿಬಿನ ಹೊತ್ತಿಗೆ ಬಿಡುವು ಕೊಟ್ಟು, ಎಂಟೂವರೆಗೆ ಮುಗಿಯುವ ಒಂದು ಶರೀಫರ ಸಂಜೆಯನ್ನು ಊಹಿಸಿಕೊಳ್ಳಿ. ತಂಡ ಹಾಡುವ ಮೊದಲು ಹಾವೇರಿ ಜಿಲ್ಲೆಯ ಭಜನಾ ಮೇಳವೊಂದು ಅದೇ ಪದವನ್ನು ಏಕತಾರಿಯಲ್ಲಿ ಹಾಡಲಿ. ಆಮೇಲೆ ಗಿಟಾರು ಬರಲಿ. ಆಗ ಕೇಳುಗರ ಹೋಲಿಕೆಗೆ ಒಂದು ಅರ್ಥ ಬರುತ್ತದೆ. ಹೋಲಿಸುವುದು ಎರಡು ಕೋಣೆಗಳನ್ನಲ್ಲ, ಒಂದೇ ಪದ ಎರಡು ಕಾಲಗಳಲ್ಲಿ ಪಡೆದ ಎರಡು ಬದುಕುಗಳನ್ನು.

ಇದಕ್ಕೆ ಸರಕಾರದ ಅನುದಾನಕ್ಕಾಗಿ ಕಾಯಬೇಕಾಗಿಲ್ಲ. ನಮ್ಮ ಸಮುದಾಯದಲ್ಲಿ ಮುಶಾಯಿರಾಗಳಿಗೆ, ಜಲಸಾಗಳಿಗೆ ಶಾಮಿಯಾನ ಹಾಕಿಸುವವರು ಇದ್ದಾರೆ. ಕನ್ನಡದ ಅತಿ ದೊಡ್ಡ ಮುಸ್ಲಿಮ್ ಕವಿಯ ಹೆಸರಿನಲ್ಲಿ ಒಂದು ಸಂಜೆಗೆ ಅವರು ಕೈಜೋಡಿಸಲಾರರೆ? ಶರೀಫರನ್ನು ಬಾರಿನಲ್ಲಿ ಹಾಡುತ್ತಾರೆಂದು ದೂರುವ ಹಕ್ಕು ನಮಗೆ ಬರುವುದು, ನಮ್ಮ ಅಂಗಳದಲ್ಲಿ ಅವರಿಗೊಂದು ಜಮಖಾನ ಹಾಸಿದ ಮೇಲೆ. ಇಮಾಮ್ ಸಾಹೇಬರ ಮತ್ತು ಹಜ್ಜೂಮಾರ ಮಗನನ್ನು ಇಲ್ಲಿಯವರೆಗೆ ಸಿನಿಮಾದವರು ಉಳಿಸಿದರು, ಸುಗಮ ಸಂಗೀತದವರು ಉಳಿಸಿದರು, ಈಗ ಲುಂಗಿಯುಟ್ಟ ರಾಕ್ ಹಾಡುಗಾರರು ಉಳಿಸುತ್ತಿದ್ದಾರೆ. ಅವರ ಋಣ ನಮ್ಮ ಮೇಲಿದೆ. ಕೇಳುಗರಾಗಿ ನಾವು ಇನ್ನೂ ಬಂದು ಕೂರಬೇಕಾಗಿದೆ.